ಮೂರನೇ ತಿಂಗಳ ಸಂಖ್ಯೆ

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ಮಾತ್ರೆ ಬಂದು ಕಾಲು ಶತಮಾನದ ಆಸುಪಾಸು. ಆ ಮಾತ್ರೆ ಯಾರ ದೇಹದಲ್ಲಿ ಸೋಲುತ್ತದೆ ಎಂದು ಮೊದಲೇ ಹೇಳಬಲ್ಲ ಗುರುತುಗಳಿಗಾಗಿ ಜಗತ್ತಿನ ಲ್ಯಾಬ್‌ಗಳು ಹುಡುಕುತ್ತಿವೆ. ಈಗಾಗಲೇ ಕೈಯಲ್ಲಿರುವ ಗುರುತು ಮಾತ್ರ ಎಲ್ಲ ರೋಗಿಗಳನ್ನೂ ತಲುಪಿಲ್ಲ.

ಆ ಗುರುತನ್ನು ಅಳೆಯುವ ಪಿಸಿಆರ್ ಪರೀಕ್ಷೆಯ ರಿಪೋರ್ಟು ಒಂದೇ ಪುಟದ್ದು. ಮೇಲ್ಭಾಗದಲ್ಲಿ ರೋಗಿಯ ಹೆಸರು, ವಯಸ್ಸು, ರಕ್ತ ತೆಗೆದ ದಿನ, ಲ್ಯಾಬ್ ತಲುಪಿದ ದಿನ. ನಡುವಿನ ಕೋಷ್ಟಕದಲ್ಲಿ ಎರಡು ಎಣಿಕೆ: ಈ ರೋಗದ ಗುರುತಾದ ಬಿಸಿಆರ್-ಎಬಿಎಲ್ ಜೀನ್‌ನ ಪ್ರತಿಗಳೆಷ್ಟು, ಹೋಲಿಕೆಗೆಂದು ಎಬಿಎಲ್ ಜೀನ್‌ನ ಪ್ರತಿಗಳೆಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಆ ಲ್ಯಾಬ್‌ಗೆಂದೇ ಗೊತ್ತುಮಾಡಿದ ತಿದ್ದುಪಡಿ ಅಂಕದಿಂದ ಗುಣಿಸಿದರೆ ಕೊನೆಯ ಸಾಲಿನಲ್ಲಿ ಶೇಕಡಾವಾರು ಸಂಖ್ಯೆಯೊಂದು ಬರುತ್ತದೆ. ಅದರ ಪಕ್ಕ ‘ಐಎಸ್’ ಎಂದಿರುತ್ತದೆ. ಲೆಕ್ಕವನ್ನು ಅಂತರರಾಷ್ಟ್ರೀಯ ಮಾಪಕಕ್ಕೆ ಹೊಂದಿಸಲಾಗಿದೆ ಎಂಬುದರ ಸೂಚನೆ ಅದು. ಒಪಿಡಿಯಲ್ಲಿ ಸರದಿಗೆ ಕಾಯುವ ಸಿಎಂಎಲ್ ರೋಗಿಗಳು ಒಬ್ಬರನ್ನೊಬ್ಬರು ಮೊದಲು ಕೇಳಿಕೊಳ್ಳುವುದೂ ಇದನ್ನೇ: ಈ ಸಲ ಪಿಸಿಆರ್ ಎಷ್ಟು ಬಂತು?

ಚಿಕಿತ್ಸೆ ಶುರುವಾಗಿ ಮೂರು ತಿಂಗಳಾದಾಗ ಆ ಸಂಖ್ಯೆ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಅದೇ ಮಾತ್ರೆ ಮುಂದುವರಿಸುತ್ತಾರೆ. ಹತ್ತನ್ನು ದಾಟಿದ್ದರೆ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಮಾತ್ರೆ ತಪ್ಪಿಸಿದ್ದೀರಾ? ಬೇರೆ ಯಾವ ಔಷಧಿ ನಡೆಯುತ್ತಿದೆ? ರಕ್ತದ ಸ್ಯಾಂಪಲ್ ದಾರಿಯಲ್ಲಿ ಎಷ್ಟು ಹೊತ್ತು ಇತ್ತು? ಇವೆಲ್ಲಕ್ಕೂ ಸರಿಯಾದ ಉತ್ತರ ಬಂದರೆ ಉಳಿಯುವುದು ಕೊನೆಯ ಅನುಮಾನ: ಈ ದೇಹದ ಕ್ಯಾನ್ಸರ್ ಕೋಶಗಳು ಔಷಧಿಗೆ ಜಗ್ಗುತ್ತಿಲ್ಲವೇ?

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ನಿಧಾನವಾಗಿ ಶುರುವಾಗುವ ರೋಗ. ಸುಸ್ತು, ಎಡಪಕ್ಕೆಯ ಕೆಳಗೆ ಭಾರ, ತೂಕ ಇಳಿತ ಇವು ಲಕ್ಷಣಗಳು. ಎಷ್ಟೋ ಜನರಿಗೆ ಅವೂ ಇರುವುದಿಲ್ಲ. ಯಾವುದೋ ಕಾರಣಕ್ಕೆ ಮಾಡಿಸಿದ ಮಾಮೂಲಿ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಹತ್ತು ಸಾವಿರದೊಳಗೆ ಇರಬೇಕಾದದ್ದು ಲಕ್ಷ ದಾಟಿರುವುದು ಕಂಡಾಗಲೇ ರೋಗದ ಸುಳಿವು ಸಿಗುತ್ತದೆ. ಈ ನಿಧಾನದ ಹಂತದಲ್ಲಿ ರೋಗವನ್ನು ಮಾತ್ರೆಯಲ್ಲೇ ಹಿಡಿದಿಡಬಹುದು. ಹಿಡಿತ ತಪ್ಪಿ ‘ಬ್ಲಾಸ್ಟ್ ಕ್ರೈಸಿಸ್’ ಎಂಬ ಹಂತಕ್ಕೆ ಜಾರಿದರೆ ಅದು ತೀವ್ರ ಲ್ಯುಕೇಮಿಯಾದಂತೆ ಎರಗುತ್ತದೆ, ಆಗ ಬದುಕಿನ ಲೆಕ್ಕ ತಿಂಗಳುಗಳಿಗೆ ಇಳಿಯುತ್ತದೆ. ಜಾರುವ ಮುನ್ನವೇ ಅದನ್ನು ಕಾಣುವುದು ಹೇಗೆ ಎಂಬುದೇ ಈ ಕ್ಷೇತ್ರದ ಎಲ್ಲ ಸಂಶೋಧನೆಯ ಮೂಲ ಪ್ರಶ್ನೆ.

ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನ ಅದ್ಭುತ ದೂರ ಸಾಗಿ ಬಂದಿದೆ. ಆದರೆ ಮುನ್ಸೂಚನೆ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಸಕಾಲಕ್ಕೆ ರೋಗಿಯನ್ನು ತಲುಪಬೇಕು, ತಲುಪಿದ ಮೇಲೆ ಅದರಂತೆ ನಡೆಯಲು ಔಷಧಿಯೂ ಹಣವೂ ಇರಬೇಕು. ಈ ಎರಡು ಕೂಡಿ ಬಂದಾಗಲೇ ಮುನ್ಸೂಚನೆ ಕೊಡುವ ಗುರುತು, ಅಂದರೆ ಬಯೋಮಾರ್ಕರ್, ಜೀವ ಉಳಿಸುತ್ತದೆ.

ಇಪ್ಪತ್ತೆರಡರ ತುಂಡು ಎಲ್ಲಿ ಹೋಯಿತು?

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸಿಎಂಎಲ್ ರೋಗಿಗಳ ಕೋಶಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಅಸಹಜವಾಗಿ ಗಿಡ್ಡಗಿದ್ದ ಕ್ರೋಮೋಸೋಮ್ ಒಂದು ಕಣ್ಣಿಗೆ ಬಿತ್ತು. ಊರಿನ ಹೆಸರೇ ಅದಕ್ಕೆ ಅಂಟಿ ‘ಫಿಲಡೆಲ್ಫಿಯಾ ಕ್ರೋಮೋಸೋಮ್’ ಆಯಿತು. ಕ್ಯಾನ್ಸರ್ ಒಂದಕ್ಕೆ ನಿರ್ದಿಷ್ಟ ಆನುವಂಶಿಕ ಗುರುತು ಸಿಕ್ಕಿದ್ದು ಅದೇ ಮೊದಲು. ಆ ಕ್ರೋಮೋಸೋಮ್ ಏಕೆ ಗಿಡ್ಡ, ಕಳೆದುಹೋದ ತುಂಡು ಎಲ್ಲಿಗೆ ಹೋಯಿತು ಎಂಬುದು ಮಾತ್ರ ಹದಿಮೂರು ವರ್ಷ ಗೊತ್ತಾಗಲಿಲ್ಲ.

ಉತ್ತರ ಕೊಟ್ಟವರು ಷಿಕಾಗೋದ ಜಾನೆಟ್ ರೌಲಿ. ಕ್ರೋಮೋಸೋಮ್‌ಗಳ ಮೇಲೆ ಪಟ್ಟಿಪಟ್ಟಿಯಾಗಿ ಬಣ್ಣ ಮೂಡಿಸುವ ಹೊಸ ವಿಧಾನ ಆಗಷ್ಟೇ ಬಂದಿತ್ತು. ಮನೆಯ ಊಟದ ಮೇಜಿನ ಮೇಲೆ ಆ ಫೋಟೊಗಳನ್ನು ಹರಡಿ, ಒಂದೊಂದೇ ಕ್ರೋಮೋಸೋಮನ್ನು ಕತ್ತರಿಯಿಂದ ಕತ್ತರಿಸಿ ಜೋಡಿ ಹೊಂದಿಸುತ್ತ ಕೂತ ಅವರಿಗೆ, 22ನೆಯದರ ತುಂಡು 9ನೆಯದಕ್ಕೆ ಹೋಗಿ ಅಂಟಿರುವುದು ಕಂಡಿತು. 1973ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಇನ್ನೊಂದು ಸಂಗತಿ ಬಯಲಾಯಿತು: ಇದು ಅದಲುಬದಲು. 9ರಲ್ಲಿದ್ದ ಎಬಿಎಲ್ ಜೀನ್ 22ರಲ್ಲಿದ್ದ ಬಿಸಿಆರ್ ಜೀನ್‌ನ ಪಕ್ಕಕ್ಕೆ ಬಂದು ಕೂಡಿಕೊಂಡಿತ್ತು. ಹೀಗೆ ಹುಟ್ಟಿದ ಬಿಸಿಆರ್-ಎಬಿಎಲ್ ಎಂಬ ಬೆರಕೆ ಜೀನ್ ತಯಾರಿಸುವ ಪ್ರೋಟೀನು ‘ಟೈರೋಸಿನ್ ಕೈನೇಸ್’ ವರ್ಗದ ಕಿಣ್ವ. ಕೋಶಕ್ಕೆ ‘ಬೆಳೆ, ವಿಭಜನೆಯಾಗು’ ಎಂಬ ಆಜ್ಞೆ ಕೊಡುವ ಈ ಕಿಣ್ವ ಆರೋಗ್ಯವಂತರಲ್ಲಿ ಬೇಕಾದಾಗ ಎದ್ದು ಬೇಡವಾದಾಗ ಮಲಗುತ್ತದೆ; ಬೆರಕೆ ರೂಪದಲ್ಲಿ ಮಲಗುವುದನ್ನೇ ಮರೆತುಬಿಡುತ್ತದೆ.

ಆ ಕಿಣ್ವವನ್ನು ಮಲಗಿಸಲು ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲಿಡನ್ ತಂಡ ತಯಾರಿಸಿದ ಅಣುವನ್ನು ಒರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ರೋಗಿಗಳಿಗೆ ಕೊಡಲು ಆರಂಭಿಸಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಇಮಾಟಿನಿಬ್ ಎಂಬ ಹೆಸರಿನ ಈ ಅಣುವಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1,106 ರೋಗಿಗಳ ಮೇಲೆ ನಡೆದ ‘ಐರಿಸ್’ ಅಧ್ಯಯನದಲ್ಲಿ ಇಮಾಟಿನಿಬ್ ಪಡೆದ ಗುಂಪಿನ ಶೇ 83ರಷ್ಟು ಜನ ಹತ್ತು ವರ್ಷಗಳ ನಂತರವೂ ಬದುಕಿದ್ದರು. ಅದಕ್ಕೂ ಹಿಂದೆ ಈ ಕಾಯಿಲೆಯವರಿಗೆ ಸಿಗುತ್ತಿದ್ದ ಆಯಸ್ಸು ಸಾಮಾನ್ಯವಾಗಿ ಐದಾರು ವರ್ಷ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ಗೊತ್ತಾಗುತ್ತದೆ.

ಒಂದು ಅಕ್ಷರ ಬದಲಾದರೆ ಸಾಕು

ಔಷಧಿಗೆ ಅನುಮತಿ ಸಿಕ್ಕ ಸಂಭ್ರಮದ ಅದೇ 2001ರಲ್ಲಿ ಕೆಟ್ಟ ಸುದ್ದಿಯೂ ಬಂತು. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಸಾಯರ್ಸ್ ಅವರ ಲ್ಯಾಬ್‌ನ ಮರ್ಸಿಡಿಸ್ ಗೋರ್ ಮತ್ತು ಸಂಗಾತಿಗಳು, ಮೊದಲು ಔಷಧಿಗೆ ಸ್ಪಂದಿಸಿ ಆಮೇಲೆ ರೋಗ ಮರುಕಳಿಸಿದ ಮುಂದುವರಿದ ಹಂತದ ರೋಗಿಗಳನ್ನು ಪರೀಕ್ಷಿಸಿದರು. ಒಂಬತ್ತು ಮಂದಿಯಲ್ಲಿ ಆರು ಮಂದಿಗೆ ಒಂದೇ ಜಾಗದಲ್ಲಿ, ಒಂದೇ ಬಗೆಯ ಮ್ಯುಟೇಶನ್ ಆಗಿತ್ತು. ಅದರ ಹೆಸರು ಟಿ315ಐ.

ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಎಬಿಎಲ್ ಪ್ರೋಟೀನಿನ 315ನೇ ಸ್ಥಾನದಲ್ಲಿ ಸಹಜವಾಗಿ ಇರುವುದು ಥ್ರಿಯೋನಿನ್ ಎಂಬ ಅಮೈನೊ ಆಮ್ಲ. ಔಷಧಿ ಹೋಗಿ ಕೂರುವ ಕುಳಿಯ ಬಾಯಲ್ಲೇ ಅದರ ಜಾಗ. ವಿಜ್ಞಾನಿಗಳು ಅದನ್ನು ‘ಗೇಟ್‌ಕೀಪರ್’ ಎನ್ನುತ್ತಾರೆ. ಇಮಾಟಿನಿಬ್ ಅದರೊಂದಿಗೆ ಒಂದು ಹೈಡ್ರೋಜನ್ ಬಂಧ ಬೆಸೆದು ಕುಳಿಯೊಳಗೆ ನೆಲೆಯೂರುತ್ತದೆ. ಡಿಎನ್‌ಎಯಲ್ಲಿ ಸಿ ಇದ್ದ ಕಡೆ ಟಿ ಬಂದರೆ, ಎಸಿಟಿ ಎಂಬ ಮೂರಕ್ಷರ ಎಟಿಟಿ ಆಗುತ್ತದೆ. ಥ್ರಿಯೋನಿನ್ ಜಾಗಕ್ಕೆ ಐಸೊಲ್ಯೂಸಿನ್ ಬರುತ್ತದೆ. ಇದಕ್ಕೆ ಆ ಬಂಧ ಬೆಸೆಯುವ ಶಕ್ತಿ ಇಲ್ಲ. ಮೇಲಾಗಿ ಇದರ ಗಾತ್ರ ಔಷಧಿಗೆ ಅಡ್ಡ ನಿಲ್ಲುತ್ತದೆ. ಕಿಣ್ವದ ಕೆಲಸಕ್ಕೆ ಮಾತ್ರ ಏನೂ ತೊಂದರೆಯಿಲ್ಲ. ಒಂದೇ ಒಂದು ಅಕ್ಷರದ ಬದಲಾವಣೆಯಿಂದ ಇಮಾಟಿನಿಬ್ ಕೆಲಸಕ್ಕೆ ಬಾರದಾಗುತ್ತದೆ. ಆಮೇಲೆ ಬಂದ ಡಸಾಟಿನಿಬ್, ನಿಲೊಟಿನಿಬ್, ಬೊಸುಟಿನಿಬ್‌ಗಳೂ ಇದರ ಮುಂದೆ ಸೋತವು.

ಇದಕ್ಕೆಂದೇ ರೂಪಿಸಿದ ಪೊನಾಟಿನಿಬ್‌ಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯ ಕಂಡು ಮರುವರ್ಷವೇ ಅಲ್ಲಿ ಅದರ ಮಾರಾಟ ಕೆಲಕಾಲ ನಿಂತಿತು. ಈಗ ಸಂಖ್ಯೆ ಶೇ 1ಕ್ಕೆ ಇಳಿದ ಕೂಡಲೇ ಪ್ರಮಾಣ ತಗ್ಗಿಸುವ ಎಚ್ಚರದೊಂದಿಗೆ ಅದನ್ನು ಕೊಡುತ್ತಾರೆ. 2021ರಲ್ಲಿ ಬಂದ ಅಸಿಮಿನಿಬ್ ಆ ಕುಳಿಯ ಗೋಜಿಗೇ ಹೋಗದೆ, ಪ್ರೋಟೀನಿನ ಇನ್ನೊಂದು ಮಗ್ಗುಲಿನ ಜೇಬಿನಲ್ಲಿ ಕೂತು ಕಿಣ್ವವನ್ನು ತಣ್ಣಗಾಗಿಸುತ್ತದೆ.

ಟಿ315ಐ ಬಂದಮೇಲೆ ಇಂಥ ಹತ್ತಾರು ಮ್ಯುಟೇಶನ್‌ಗಳು ಪತ್ತೆಯಾಗಿವೆ. ರೋಗಿಗೆ ಇದರಿಂದ ನೇರ ಪ್ರಯೋಜನವಿದೆ, ಏಕೆಂದರೆ ಮ್ಯುಟೇಶನ್‌ನ ಹೆಸರೇ ಮುಂದಿನ ಮಾತ್ರೆಯನ್ನು ಆರಿಸಿಕೊಡುತ್ತದೆ. ವೈ253ಎಚ್, ಇ255ಕೆ, ಎಫ್359ವಿ ಕಂಡರೆ ನಿಲೊಟಿನಿಬ್ ಬಿಟ್ಟು ಡಸಾಟಿನಿಬ್. ವಿ299ಎಲ್ ಅಥವಾ ಎಫ್317ಎಲ್ ಕಂಡರೆ ಡಸಾಟಿನಿಬ್ ಬಿಟ್ಟು ನಿಲೊಟಿನಿಬ್. ಜೀನ್ ಓದುವ ಹಳೆಯ ಸ್ಯಾಂಗರ್ ವಿಧಾನದಲ್ಲಿ ರೂಪಾಂತರಿ ಪ್ರತಿಗಳು ಶೇ 15–20ರಷ್ಟಾದರೂ ಇದ್ದರೆ ಮಾತ್ರ ಕಾಣುತ್ತಿದ್ದವು. ಹೊಸ ತಲೆಮಾರಿನ ಸೀಕ್ವೆನ್ಸಿಂಗ್ ಶೇ 3ರ ಹತ್ತಿರದ ಪ್ರಮಾಣದಲ್ಲೇ ಅವನ್ನು ಹಿಡಿಯುತ್ತದೆ. ಅಂದರೆ ರೋಗ ತಲೆಯೆತ್ತುವ ಮುನ್ನವೇ ಔಷಧಿ ಬದಲಿಸಲು ಕೆಲವು ತಿಂಗಳ ಕಾಲಾವಕಾಶ ಸಿಗುತ್ತದೆ.

ಇಷ್ಟಾದರೂ ಕಥೆ ಪೂರ್ತಿಯಾಗುವುದಿಲ್ಲ. ನಿಧಾನದ ಹಂತದಲ್ಲೇ ಇಮಾಟಿನಿಬ್ ಸೋತವರಲ್ಲಿ ಹೆಚ್ಚಿನವರ ಎಬಿಎಲ್‌ನಲ್ಲಿ ಯಾವ ಮ್ಯುಟೇಶನ್ನೂ ಸಿಗುವುದಿಲ್ಲ. ಅವರ ಕೋಶಗಳು ಬೇರೆ ದಾರಿ ಹಿಡಿದಿರುತ್ತವೆ. ಆ ದಾರಿ ಯಾವುದೆಂದು ಗೊತ್ತಾಗುವವರೆಗೆ ವೈದ್ಯರ ಕೈಯಲ್ಲಿರುವುದು ರೋಗ ಇಳಿಯುವ ವೇಗವೊಂದೇ.

ಹತ್ತರ ಗೆರೆ

ವೇಗ ಅಳೆಯಲು ಮೊದಲು ಎಲ್ಲರೂ ಒಪ್ಪುವ ಅಳತೆಗೋಲು ಬೇಕಿತ್ತು. ಒಂದು ಲ್ಯಾಬ್‌ನ 2 ಇನ್ನೊಂದು ಲ್ಯಾಬ್‌ನ 5 ಆಗುತ್ತಿದ್ದ ಕಾಲ ಅದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಟಿಮ್ ಹ್ಯೂಸ್ ಮತ್ತು ಸೂಸನ್ ಬ್ರ್ಯಾನ್‌ಫರ್ಡ್ ಅವರ ತಂಡದ ಕೆಲಸವೂ, 2005ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರ ಸಭೆಯೂ ಈ ಗೊಂದಲಕ್ಕೆ ಕೊನೆ ಹಾಡಿದವು. ಐರಿಸ್ ಅಧ್ಯಯನದ 30 ರೋಗಿಗಳ ಚಿಕಿತ್ಸೆಗೂ ಮುಂಚಿನ ಮಟ್ಟವನ್ನು ಶೇ 100 ಎಂದು ಗುರುತಿಸಿ, ಅಲ್ಲಿಂದ ಸಾವಿರ ಪಟ್ಟು ಇಳಿದು ಶೇ 0.1 ಆದರೆ ಅದನ್ನು ‘ಮೇಜರ್ ಮಾಲಿಕ್ಯುಲರ್ ರೆಸ್ಪಾನ್ಸ್’ ಎಂದು ಕರೆದರು. ಬೆಂಗಳೂರಿನ ಲ್ಯಾಬ್ ಕೊಡುವ 0.1ನ್ನು ಬರ್ಲಿನ್ನಿನ ವೈದ್ಯರು ಅದೇ ಅರ್ಥದಲ್ಲಿ ಓದಬಹುದಾದದ್ದು ಈ ಮಾಪಕದಿಂದಾಗಿ.

2012ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಡೇವಿಡ್ ಮರೀನ್ ತಂಡ ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದ 282 ರೋಗಿಗಳ ದಾಖಲೆಯನ್ನು ಮುಂದಿಟ್ಟಿತು. ಮೂರನೇ ತಿಂಗಳಲ್ಲಿ ಸಂಖ್ಯೆ 9.84 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಎಂಟು ವರ್ಷ ಬದುಕುಳಿಯುವ ಸಾಧ್ಯತೆ ಶೇ 93.3. ಮೇಲಿದ್ದವರಲ್ಲಿ ಅದು ಶೇ 56.9. ಅದೇ ರೋಗ, ಅದೇ ಮಾತ್ರೆ, ಚಿಕಿತ್ಸೆಯ ಮೊದಲ ತೊಂಬತ್ತು ದಿನಗಳಲ್ಲೇ ಕವಲೊಡೆದ ಎರಡು ದಾರಿ. ಜರ್ಮನಿಯ ದೊಡ್ಡ ಅಧ್ಯಯನವೊಂದು ಅದೇ ವರ್ಷ ಇದೇ ಗೆರೆಯನ್ನು ದೃಢಪಡಿಸಿತು.

ಇವತ್ತು ಯುರೋಪಿಯನ್ ಲ್ಯುಕೇಮಿಯಾ ನೆಟ್ ಕೊಡುವ ಮಾರ್ಗಸೂಚಿಯ ತಿರುಳು ಹೀಗಿದೆ: ಮೂರನೇ ತಿಂಗಳಿಗೆ 10, ಆರನೇ ತಿಂಗಳಿಗೆ 1, ಹನ್ನೆರಡನೇ ತಿಂಗಳಿಗೆ 0.1. ಇದರೊಳಗೆ ಇಳಿಯುತ್ತ ಬಂದವರು ಸರಿದಾರಿಯಲ್ಲಿದ್ದಾರೆ. ಮೂರನೇ ತಿಂಗಳಲ್ಲಿ 10 ದಾಟಿದ್ದು ಮರುಪರೀಕ್ಷೆಯಲ್ಲೂ ಖಚಿತವಾದರೆ, ಆರನೇ ತಿಂಗಳಲ್ಲೂ 10 ದಾಟಿಯೇ ಇದ್ದರೆ, ವರ್ಷ ತುಂಬಿದಾಗ 1 ದಾಟಿದ್ದರೆ, ಮಾತ್ರೆ ಸೋತಿದೆ ಎಂದೇ ತಿಳಿಯಬೇಕು.

ಅಡಿಲೇಡ್ ತಂಡ 2014ರಲ್ಲಿ ಇದಕ್ಕೆ ಇನ್ನೊಂದು ಸೂಕ್ಷ್ಮ ಸೇರಿಸಿತು. ನೆರೆ ಬಂದಾಗ ಹೊಳೆದಂಡೆಯ ಊರಿನವರು ನೀರು ಎಷ್ಟಿದೆ ಎಂದಷ್ಟೇ ನೋಡುವುದಿಲ್ಲ, ಎಷ್ಟು ಬೇಗ ಇಳಿಯುತ್ತಿದೆ ಎಂದೂ ನೋಡುತ್ತಾರೆ, ಇಲ್ಲಿಯೂ ಹಾಗೆಯೇ. ಮೂರನೇ ತಿಂಗಳಲ್ಲಿ 10 ದಾಟಿದವರಲ್ಲೂ ಬಿಸಿಆರ್-ಎಬಿಎಲ್ ಮಟ್ಟ 76 ದಿನಕ್ಕಿಂತ ಬೇಗ ಅರ್ಧಕ್ಕರ್ಧ ಇಳಿದಿದ್ದರೆ ಮುಂದಿನ ಫಲಿತಾಂಶ ಎಷ್ಟೋ ಮೇಲು. ಇದನ್ನು ಲೆಕ್ಕಹಾಕಲು ಹೊಸ ಯಂತ್ರ ಬೇಡ, ಚಿಕಿತ್ಸೆ ಶುರುವಾಗುವ ದಿನ ತೆಗೆದ ಒಂದು ಪಿಸಿಆರ್ ರಿಪೋರ್ಟು ಇದ್ದರೆ ಸಾಕು. ರೋಗ ಪತ್ತೆಯಾದ ದಿನವೇ ಈ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಫೈಲಿನಲ್ಲಿ ಜೋಪಾನವಾಗಿ ಇಡಬೇಕಾದದ್ದು ಅದಕ್ಕೇ.

ಮೊದಲ ಮಾತ್ರೆಗೂ ಮುನ್ನ

ಮೂರು ತಿಂಗಳು ಕಾದು ನೋಡುವ ಬದಲು ಮೊದಲ ದಿನವೇ ಹೇಳಲಾಗದೇ? ಸಂಶೋಧಕರ ಕಣ್ಣು ಈಗ ಇದರ ಮೇಲಿದೆ.

ಹಳೆಯ ದಾರಿ 1984ರ ಸೊಕಾಲ್ ಅಂಕ. ವಯಸ್ಸು, ಪಕ್ಕೆಲುಬಿನ ಕೆಳಗೆ ಸ್ಪ್ಲೀನ್ ಎಷ್ಟು ಸೆಂಟಿಮೀಟರ್ ಇಳಿದಿದೆ, ಪ್ಲೇಟ್‌ಲೆಟ್ ಎಷ್ಟು, ಬ್ಲಾಸ್ಟ್ ಎಂಬ ಎಳೆಯ ಕೋಶ ಎಷ್ಟು. ಈ ನಾಲ್ಕರಿಂದ ಅಪಾಯದ ಲೆಕ್ಕ. 2016ರಲ್ಲಿ ಬಂದ ‘ಇಎಲ್‌ಟಿಎಸ್’ ಅಂಕ ಅದೇ ನಾಲ್ಕನ್ನು ಮಾತ್ರೆಗಳ ಕಾಲಕ್ಕೆ ತಕ್ಕಂತೆ ತೂಗಿ ನೋಡುತ್ತದೆ. ಕೈಯಿಂದ ಹೊಟ್ಟೆ ಮುಟ್ಟಿ, ಸಾಮಾನ್ಯ ರಕ್ತಪರೀಕ್ಷೆ ನೋಡಿ ಹಾಕಬಹುದಾದ ಈ ಲೆಕ್ಕಕ್ಕೆ ಬಿಡಿಗಾಸಿನ ಖರ್ಚಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲೂ ಇದು ಸಾಧ್ಯ.

ಎರಡನೆಯದು, ಬಿಸಿಆರ್ ಮತ್ತು ಎಬಿಎಲ್ ಎಲ್ಲಿ ಬೆಸೆದುಕೊಂಡಿವೆ ಎಂಬುದು. ಇ13ಎ2 ಮಾದರಿಯವರು ಇ14ಎ2 ಮಾದರಿಯವರಿಗಿಂತ ನಿಧಾನವಾಗಿ ಸ್ಪಂದಿಸುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಮೂರನೆಯದು, ಔಷಧಿಯನ್ನು ಕೋಶದೊಳಗೆ ಎಳೆದುಕೊಳ್ಳುವ ಶಕ್ತಿ. ಅಡಿಲೇಡ್‌ನ ಡೆಬೊರಾ ವೈಟ್ 2006ರಲ್ಲಿ, ಒಸಿಟಿ-1 ಎಂಬ ಸಾಗಣೆ ಪ್ರೋಟೀನು ಮಂಕಾಗಿರುವ ರೋಗಿಗಳಲ್ಲಿ ಇಮಾಟಿನಿಬ್ ಕೋಶದೊಳಕ್ಕೆ ಸರಿಯಾಗಿ ಹೋಗುವುದೇ ಇಲ್ಲ ಎಂದು ತೋರಿಸಿದರು. ವಿಚಾರ ಮಹತ್ವದ್ದು. ಆದರೆ ಆ ಪರೀಕ್ಷೆಗೆ ಜೀವಂತ ಕೋಶ ಬೇಕು, ಪಳಗಿದ ಕೈ ಬೇಕು. ಹೀಗಾಗಿ ಅದು ದಿನನಿತ್ಯದ ವೈದ್ಯಕೀಯದ ಭಾಗವಾಗಲಿಲ್ಲ.

ನಾಲ್ಕನೆಯ ಗುರುತು ಏಷ್ಯಾದ್ದೇ. 2012ರಲ್ಲಿ ಸಿಂಗಪುರದ ಎಸ್. ಟಿಯಾಂಗ್ ಓಂಗ್ ತಂಡ ಬಿಐಎಂ ಎಂಬ ಜೀನ್‌ನಲ್ಲಿ ಹುಟ್ಟಿನಿಂದಲೇ ಬರುವ ಒಂದು ಕೊರತೆಯನ್ನು ಗುರುತಿಸಿತು. ಹಾಳಾದ ಕೋಶ ತಾನಾಗಿ ಸಾಯಲು ಬಿಐಎಂ ಬೇಕು. ಇಮಾಟಿನಿಬ್ ಕ್ಯಾನ್ಸರ್ ಕೋಶವನ್ನು ಕೊಲ್ಲುವುದೂ ಇದರ ಮೂಲಕವೇ. ಕೊರತೆಯುಳ್ಳವರಲ್ಲಿ ಕಿಣ್ವ ಮಲಗಿದರೂ ಕೋಶ ಸುಲಭವಾಗಿ ಸಾಯುವುದಿಲ್ಲ. ಪೂರ್ವ ಏಷ್ಯಾದ ಜನರಲ್ಲಿ ಸುಮಾರು ಶೇ 12ರಷ್ಟು ಮಂದಿಗೆ ಇದಿದೆ, ಯುರೋಪ್ ಮತ್ತು ಆಫ್ರಿಕಾ ಮೂಲದವರಲ್ಲಿ ಕಾಣಲಿಲ್ಲ. ಒಂದು ಖಂಡದ ರೋಗಿಗಳನ್ನಷ್ಟೇ ನೋಡಿ ಬರೆದ ನಿಯಮ ಇನ್ನೊಂದು ಖಂಡಕ್ಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಭಾರತದ ರೋಗಿಗಳ ಜೀನ್‌ಗಳನ್ನು ಭಾರತದಲ್ಲೇ ಕೂತು ಓದಬೇಕು ಎಂದು ನಾನು ವಾದಿಸುವುದು ಇದರ ಬಲದ ಮೇಲೆ.

ಐದನೆಯದು, ಬಿಸಿಆರ್-ಎಬಿಎಲ್‌ನ ಜೊತೆಗೇ ಬಂದು ಕೂತಿರುವ ಬೇರೆ ಮ್ಯುಟೇಶನ್‌ಗಳು. ಇವುಗಳಲ್ಲಿ ಎಎಸ್‌ಎಕ್ಸ್‌ಎಲ್1 ಮುಖ್ಯವಾದದ್ದು. ರೋಗ ಪತ್ತೆಯಾದಾಗಲೇ ಇದು ಇದ್ದರೆ ಮಾತ್ರೆಗೆ ಸಿಗುವ ಸ್ಪಂದನೆ ಕುಗ್ಗುತ್ತದೆ. ಬ್ಲಾಸ್ಟ್ ಕ್ರೈಸಿಸ್ ಹಂತದಲ್ಲಿ ಆರ್‌ಯುಎನ್‌ಎಕ್ಸ್1, ಐಕೆಝಡ್‌ಎಫ್1 ಜೀನ್‌ಗಳ ಹಾನಿಯೂ ಪದೇಪದೇ ಕಾಣುತ್ತದೆ.

ಎಲ್ಲಕ್ಕಿಂತ ಹೊಸದು, ಒಂದೊಂದೇ ಕೋಶವನ್ನು ಬಿಡಿಸಿ ಓದುವ ತಂತ್ರ. ಸಿಂಗಪುರದ ಅದೇ ತಂಡ, ವೈದೇಹಿ ಕೃಷ್ಣನ್ ಮೊದಲ ಲೇಖಕಿಯಾಗಿ, 2023ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಚಿಕಿತ್ಸೆಗೂ ಮುನ್ನ ತೆಗೆದ ಅಸ್ಥಿಮಜ್ಜೆಯಲ್ಲಿ ಎಂಟು ಲಕ್ಷಣಗಳನ್ನು ಹೆಕ್ಕಿತು. ಲ್ಯುಕೇಮಿಯಾದ ಕಾಂಡಕೋಶಗಳು ಕೆಂಪು ರಕ್ತಕಣದ ದಾರಿಗೆ ವಾಲಿದ್ದರೆ ಇಮಾಟಿನಿಬ್ ಚೆನ್ನಾಗಿ ಕೆಲಸ ಮಾಡುತ್ತದೆ. ಅವುಗಳಲ್ಲಿ ಉರಿಯೂತದ ಸಂಕೇತಗಳು ಜೋರಾಗಿದ್ದರೆ ರೋಗ ಮುಂದೆ ಉಲ್ಬಣಿಸುವ ಸಂಭವ ಹೆಚ್ಚು. ಕಾಂಡಕೋಶ ಮತ್ತು ದೇಹರಕ್ಷಕ ಎನ್‌ಕೆ ಕೋಶಗಳ ಜೀನ್ ಚಟುವಟಿಕೆಯನ್ನು ಕಂಪ್ಯೂಟರ್‌ಗೆ ಕಲಿಸಿದಾಗ ಅದು ಶೇ 80ಕ್ಕೂ ಹೆಚ್ಚು ನಿಖರವಾಗಿ ಸ್ಪಂದನೆಯನ್ನು ಊಹಿಸಿತು. ಇದು ಬೆರಗು ಹುಟ್ಟಿಸುವ ಕೆಲಸ. ಆಸ್ಪತ್ರೆಯ ದೈನಂದಿನ ಪರೀಕ್ಷೆಯಾಗಲು ಮಾತ್ರ ಇದಿನ್ನೂ ದೊಡ್ಡ ಗುಂಪುಗಳಲ್ಲಿ ಸಾಬೀತಾಗಬೇಕು, ಸರಳವಾಗಬೇಕು, ಅಗ್ಗವಾಗಬೇಕು.

ಇಲ್ಲೊಂದು ಭೇದ ಮನಸ್ಸಿನಲ್ಲಿರಬೇಕು. ‘ಇವರಿಗೆ ಕಷ್ಟವಿದೆ’ ಎಂದು ಹೇಳುವ ಗುರುತು ಬೇರೆ, ‘ಇವರಿಗೆ ಈ ಔಷಧಿ ಬಿಟ್ಟು ಆ ಔಷಧಿ ಕೊಡಿ’ ಎಂದು ಹೇಳುವ ಗುರುತು ಬೇರೆ. ಮೇಲಿನವುಗಳಲ್ಲಿ ಹೆಚ್ಚಿನವು ಮೊದಲನೇ ಜಾತಿಯವು. ಎರಡನೇ ಜಾತಿಯದಕ್ಕೆ ಟಿ315ಐ ಉತ್ತಮ ಉದಾಹರಣೆ. ಡಸಾಟಿನಿಬ್ ಅಥವಾ ನಿಲೊಟಿನಿಬ್ ಅನ್ನು ಎಲ್ಲರಿಗೂ ಮೊದಲೇ ಕೊಟ್ಟರೆ ರೋಗ ಬೇಗ ಇಳಿಯುವುದು ನಿಜ. ಆದರೆ ದೊಡ್ಡ ಅಧ್ಯಯನಗಳಲ್ಲಿ ಒಟ್ಟಾರೆ ಆಯಸ್ಸಿನಲ್ಲಿ ಎದ್ದುಕಾಣುವ ವ್ಯತ್ಯಾಸ ಬರಲಿಲ್ಲ. ಡಸಾಟಿನಿಬ್‌ನಿಂದ ಶ್ವಾಸಕೋಶದ ಸುತ್ತ ನೀರು ತುಂಬಬಹುದು, ನಿಲೊಟಿನಿಬ್‌ನಿಂದ ರಕ್ತನಾಳಗಳಿಗೆ ತೊಂದರೆಯಾಗಬಹುದು. ಬೇಕಾದವರಿಗೆ ಮಾತ್ರ ಅವನ್ನು ಕೊಡಲು ನೆರವಾಗುವ ಗುರುತು ಸಿಕ್ಕರೆ ಉಳಿದವರು ಅನವಶ್ಯಕ ಅಪಾಯದಿಂದ ಪಾರಾಗುತ್ತಾರೆ.

ಮಾತ್ರೆ ಹೊಟ್ಟೆ ಸೇರಿದೆಯೇ?

ಜೀನ್‌ಗಳ ಮಾತಿನ ನಡುವೆ ಮರೆತೇಹೋಗುವ ಗುರುತೊಂದಿದೆ. ಅದೇ ಡೇವಿಡ್ ಮರೀನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87 ರೋಗಿಗಳ ಮಾತ್ರೆ ಡಬ್ಬಿಗಳ ಮುಚ್ಚಳಕ್ಕೆ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಅಳವಡಿಸಿ, ಡಬ್ಬಿ ಎಷ್ಟು ಸಲ ತೆರೆಯಿತು ಎಂದು ಮೂರು ತಿಂಗಳು ಎಣಿಸಿದರು. ಶೇ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರು ಆರು ವರ್ಷಗಳೊಳಗೆ 0.1ರ ಮಟ್ಟ ಮುಟ್ಟುವ ಸಾಧ್ಯತೆ ಶೇ 94.5. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಅದು ಶೇ 28.4. ಶೇ 80ಕ್ಕೂ ಕೆಳಗಿಳಿದವರಲ್ಲಿ ಒಬ್ಬರೂ ಆ ಮಟ್ಟ ಮುಟ್ಟಲಿಲ್ಲ. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಶೇ 90ಕ್ಕೆ ಬಂದಂತೆ. ಹೊಟ್ಟೆ ತೊಳಸುವುದು, ಕಣ್ಣು ಊದುವುದು, ಸ್ನಾಯು ಹಿಡಿಯುವುದು, ಮದುವೆ ಮನೆ, ದೂರದ ಪ್ರಯಾಣ, ಮುಗಿದುಹೋದ ಸ್ಟ್ರಿಪ್. ಮೂರು ಮಾತ್ರೆ ತಪ್ಪಲು ಇಷ್ಟರಲ್ಲಿ ಯಾವುದಾದರೂ ಸಾಕು. ಇಂಥವರನ್ನು ಗದರಿಸಿ ಫಲವಿಲ್ಲ. ಕೂರಿಸಿಕೊಂಡು, ಯಾವ ತೊಂದರೆಗೆ ಮಾತ್ರೆ ಬಿಟ್ಟರು ಎಂದು ಕೇಳಿ, ಆ ತೊಂದರೆಗೆ ಮದ್ದು ಕೊಡುವುದೇ ಚಿಕಿತ್ಸೆ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರವೂ ಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯ್ನ್ ಇವು ಇಮಾಟಿನಿಬ್ ಯಕೃತ್ತಿನಲ್ಲಿ ಬೇಗ ಕರಗಿಹೋಗುವಂತೆ ಮಾಡುತ್ತವೆ. ರೋಗಿ ದಿನವೂ ನಿಷ್ಠೆಯಿಂದ 400 ಮಿಲಿಗ್ರಾಂ ನುಂಗುತ್ತಿದ್ದರೂ ರಕ್ತದಲ್ಲಿ ಔಷಧಿ ಸಾಕಷ್ಟು ಉಳಿಯುವುದಿಲ್ಲ. ಮುಂದಿನ ಮಾತ್ರೆಗೆ ಮುಂಚೆ ಪ್ರತಿ ಮಿಲಿಲೀಟರ್ ರಕ್ತರಸದಲ್ಲಿ ಸುಮಾರು 1,000 ನ್ಯಾನೊಗ್ರಾಂ ಇಮಾಟಿನಿಬ್ ಇರಬೇಕೆಂಬುದು ತಜ್ಞರ ಲೆಕ್ಕ. ಸಂಖ್ಯೆ ಏರಿದಾಗ ಜೀನ್ ಹುಡುಕುವುದಕ್ಕೂ ಮೊದಲು ರೋಗಿಯ ಔಷಧಿ ಚೀಲ ತೆರೆದು ನೋಡಬೇಕು.

ಇನ್ನೊಂದು ಕ್ರಾನಿಕ್ ಲ್ಯುಕೇಮಿಯಾ

ವಯಸ್ಸಾದವರನ್ನು ಹೆಚ್ಚಾಗಿ ಕಾಡುವ ಕ್ರಾನಿಕ್ ಲಿಂಫೊಸೈಟಿಕ್ ಲ್ಯುಕೇಮಿಯಾದಲ್ಲೂ (ಸಿಎಲ್‌ಎಲ್) ಪಾಠ ಇದೇ. 17ನೇ ಕ್ರೋಮೋಸೋಮಿನ ಗಿಡ್ಡ ತೋಳು ಕಳಚಿದ್ದರೆ ಅಥವಾ ಟಿಪಿ53 ಜೀನ್ ಕೆಟ್ಟಿದ್ದರೆ ಹಳೆಯ ಕಿಮೊಥೆರಪಿ ಹೆಚ್ಚು ಫಲ ಕೊಡುವುದಿಲ್ಲ. ಆದ್ದರಿಂದ ಚಿಕಿತ್ಸೆಗೂ ಮುನ್ನ ಈ ಪರೀಕ್ಷೆ ಆಗಲೇಬೇಕು. ಇಬ್ರುಟಿನಿಬ್ ತೆಗೆದುಕೊಳ್ಳುವವರಲ್ಲಿ ಬಿಟಿಕೆ ಜೀನ್‌ನ ಸಿ481ಎಸ್, ವೆನೆಟೊಕ್ಲಾಕ್ಸ್ ತೆಗೆದುಕೊಳ್ಳುವವರಲ್ಲಿ ಬಿಸಿಎಲ್2 ಜೀನ್‌ನ ಜಿ101ವಿ ಪ್ರತಿರೋಧದ ಗುರುತುಗಳಾಗಿ ಪತ್ತೆಯಾಗಿವೆ. ಔಷಧಿ ಗುರಿಯಿಟ್ಟ ಜಾಗವನ್ನೇ ಕ್ಯಾನ್ಸರ್ ಬದಲಿಸಿಕೊಳ್ಳುತ್ತದೆ ಎಂಬ 2001ರ ಅರಿವು ಅಲ್ಲಿಯೂ ದಾರಿ ತೋರಿಸಿದೆ.

ಮಾತ್ರೆ ಅಗ್ಗವಾಯಿತು, ಪರೀಕ್ಷೆ?

ಪಶ್ಚಿಮದ ದೇಶಗಳಲ್ಲಿ ಸಿಎಂಎಲ್ ಅರವತ್ತರ ಆಸುಪಾಸಿನ ರೋಗ. ಭಾರತದಲ್ಲಿ ಅದು ಮೂವತ್ತು–ನಲವತ್ತರ ವಯಸ್ಸಿನವರನ್ನು ಹಿಡಿಯುತ್ತದೆ. ದುಡಿಯುವ, ಮನೆ ನಡೆಸುವ, ಮಕ್ಕಳಿನ್ನೂ ಶಾಲೆಗೆ ಹೋಗುತ್ತಿರುವ ವಯಸ್ಸು ಅದು. ಅವರು ಮಾತ್ರೆಯೊಂದಿಗೆ ಹತ್ತು ವರ್ಷವಲ್ಲ, ಮೂವತ್ತು ನಲವತ್ತು ವರ್ಷ ಬಾಳಬೇಕು. ಪ್ರತಿರೋಧದ ಮುನ್ಸೂಚನೆ ಯಾರಿಗಾದರೂ ಅತ್ಯಗತ್ಯವಾಗಿದ್ದರೆ ಅದು ಇವರಿಗೆ.

ಮಾತ್ರೆಯ ವಿಷಯದಲ್ಲಿ ಭಾರತ ಜಗತ್ತಿಗೇ ದಾರಿ ತೋರಿಸಿದೆ. ಇಮಾಟಿನಿಬ್‌ನ ಮೂಲ ಬ್ರ್ಯಾಂಡ್ ಗ್ಲಿವೆಕ್‌ನ ತಿಂಗಳ ಬೆಲೆ ಲಕ್ಷ ರೂಪಾಯಿ ದಾಟಿದ್ದ ಕಾಲದಲ್ಲಿ ಇಲ್ಲಿಯ ಕಂಪನಿಗಳು ಅದೇ ಔಷಧಿಯನ್ನು ಅದರ ಹತ್ತನೇ ಒಂದು ಭಾಗದಷ್ಟು ಬೆಲೆಗೆ ತಯಾರಿಸಿದವು. ಗ್ಲಿವೆಕ್ ತಯಾರಿಸುವ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ತಳ್ಳಿಹಾಕಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಆಧಾರದ ಮೇಲೆ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಇನ್ನೊಂದೆಡೆ, ಅದೇ ಕಂಪನಿ ಮ್ಯಾಕ್ಸ್ ಫೌಂಡೇಶನ್ ಮೂಲಕ ನಡೆಸಿದ ನೆರವಿನ ಯೋಜನೆಯಲ್ಲಿ ಸಾವಿರಾರು ಭಾರತೀಯ ರೋಗಿಗಳಿಗೆ ಉಚಿತ ಮಾತ್ರೆ ಸಿಕ್ಕಿತು. ಇವತ್ತು ಜನರಿಕ್ ಇಮಾಟಿನಿಬ್ ಜನಸಾಮಾನ್ಯರ ಕೈಗೆಟುಕುವ ಔಷಧಿ, ಡಸಾಟಿನಿಬ್ ಕೂಡ ಜನರಿಕ್ ರೂಪದಲ್ಲಿದೆ.

ಪರೀಕ್ಷೆಗೆ ಈ ಭಾಗ್ಯ ಬರಲಿಲ್ಲ. ಖಾಸಗಿ ಲ್ಯಾಬ್‌ನಲ್ಲಿ ಒಂದು ಬಿಸಿಆರ್-ಎಬಿಎಲ್ ಪಿಸಿಆರ್‌ಗೆ ಹಲವು ಸಾವಿರ ರೂಪಾಯಿ ಬೇಕು. ಅದು ಒಂದು ತಿಂಗಳ ಮಾತ್ರೆಯ ಖರ್ಚನ್ನು ಮೀರುವುದೂ ಉಂಟು. ದೂರದ ತೊಂದರೆ ಬೇರೆ. ಈ ಪರೀಕ್ಷೆ ಅಳೆಯುವುದು ಆರ್‌ಎನ್‌ಎಯನ್ನು. ಡಿಎನ್‌ಎಯಂತೆ ಅದು ಗಟ್ಟಿಯಲ್ಲ, ರಕ್ತ ಟ್ಯೂಬಿಗೆ ಬಂದ ಗಳಿಗೆಯಿಂದಲೇ ಒಡೆಯತೊಡಗುತ್ತದೆ. ಒಂದು ದಿನದೊಳಗೆ, ತೀರಾ ತಡವೆಂದರೆ ಎರಡು ದಿನದೊಳಗೆ ಸ್ಯಾಂಪಲ್ ಲ್ಯಾಬ್ ಸೇರಬೇಕು. ಸುಡುಬಿಸಿಲಿನಲ್ಲಿ ರಾಯಚೂರಿನಿಂದಲೋ ಯಾದಗಿರಿಯಿಂದಲೋ ಹೊರಟ ಟ್ಯೂಬ್ ತಡವಾದರೆ ಎಬಿಎಲ್ ಪ್ರತಿಗಳ ಎಣಿಕೆಯೇ ಕುಸಿದು, ಬರುವ ಸಂಖ್ಯೆ ನಂಬಲು ಬಾರದಂತಾಗುತ್ತದೆ. ರಕ್ತ ಕೊಡಲು ರೋಗಿಯೇ ಬೆಂಗಳೂರಿಗೆ ಬಂದರೆ ಎರಡು ದಿನದ ಕೂಲಿ, ಬಸ್ ಖರ್ಚು, ಜೊತೆಗೊಬ್ಬರು. 1973ರಿಂದ ರಾಜ್ಯದ ಕ್ಯಾನ್ಸರ್ ರೋಗಿಗಳ ದೊಡ್ಡ ಆಸರೆಯಾಗಿರುವ ಕಿದ್ವಾಯಿ ಸಂಸ್ಥೆಗೆ ಹೀಗೆ ರಾತ್ರಿಯಿಡೀ ಪ್ರಯಾಣಿಸಿ ಬರುವವರು ಎಷ್ಟೋ ಮಂದಿ. ಮೂರು ತಿಂಗಳಿಗೊಮ್ಮೆ ಆಗಬೇಕಾದ ಪರೀಕ್ಷೆ ಇಂಥವರ ಬದುಕಿನಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಜಾರುವುದು ಉದಾಸೀನದಿಂದಲ್ಲ.

ಪರಿಹಾರಗಳು ಕಣ್ಣೆದುರೇ ಇವೆ. ಕ್ಷಯ ಪತ್ತೆಗೆಂದು ಜಿಲ್ಲೆ ಜಿಲ್ಲೆಗಳಿಗೆ ಬಂದಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಬಿಸಿಆರ್-ಎಬಿಎಲ್ ಕಾರ್ಟ್ರಿಡ್ಜ್ ಹಾಕಿ ಎರಡು ಗಂಟೆಯ ಆಸುಪಾಸಿನಲ್ಲಿ ಐಎಸ್ ಸಂಖ್ಯೆ ಪಡೆಯಬಹುದು. ಯಂತ್ರ ಇದೆ, ನಡೆಸಬಲ್ಲ ತಂತ್ರಜ್ಞರಿದ್ದಾರೆ, ಬೇಕಿರುವುದು ಕಾರ್ಟ್ರಿಡ್ಜ್ ಮತ್ತು ಒಂದು ಆದೇಶ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರದಲ್ಲಿ ಜೆರಿ ರ‍್ಯಾಡಿಕ್ ಅವರ ತಂಡ ಇನ್ನೂ ಸರಳ ದಾರಿ ತೆರೆದಿದೆ: ವಿಶೇಷ ಕಾಗದದ ಮೇಲೆ ರಕ್ತದ ಹನಿಗಳನ್ನು ಒಣಗಿಸಿ ಮಾಮೂಲಿ ಅಂಚೆಯಲ್ಲಿ ಕಳಿಸಿದರೆ ಸಾಕು, ಬಿಸಿಆರ್-ಎಬಿಎಲ್ ಪರೀಕ್ಷೆ ನಡೆಯುತ್ತದೆ. ಲ್ಯಾಬ್ ಸೌಲಭ್ಯವಿಲ್ಲದ ದೇಶಗಳ ರೋಗಿಗಳಿಗೆ ಮ್ಯಾಕ್ಸ್ ಫೌಂಡೇಶನ್ ಜೊತೆಗೂಡಿ ಈ ಸೇವೆ ಕೊಡಲಾಗಿದೆ. ಐಸ್ ಪೆಟ್ಟಿಗೆ ಬೇಡ, ಕೊರಿಯರ್‌ನ ಧಾವಂತವೂ ಬೇಡ. ಅಂಚೆ ಕಚೇರಿ ಇಲ್ಲದ ಹೋಬಳಿ ನಮ್ಮಲ್ಲಿ ಎಲ್ಲಿದೆ?

ಸರ್ಕಾರದ ಆರೋಗ್ಯ ಯೋಜನೆಗಳು ಮಾಡಬೇಕಾದದ್ದು ಸ್ಪಷ್ಟವಿದೆ. ಸಿಎಂಎಲ್‌ನ ಪ್ಯಾಕೇಜ್ ಎಂದರೆ ಮಾತ್ರೆ ಮತ್ತು ಪರೀಕ್ಷೆ ಎರಡೂ ಸೇರಿದ್ದು ಎಂದಾಗಬೇಕು. ಆರಂಭದ ದಿನ, ಮೂರು, ಆರು, ಹನ್ನೆರಡನೇ ತಿಂಗಳ ಪಿಸಿಆರ್ ರೋಗಿಯ ಹಕ್ಕಾಗಬೇಕು. ಹತ್ತು ದಾಟಿದವರಿಗೆ ಮ್ಯುಟೇಶನ್ ಪರೀಕ್ಷೆ ತಾನಾಗಿ ಆಗಬೇಕು, ಟಿ315ಐ ಬಂದವರಿಗೆ ಅದಕ್ಕೆ ತಕ್ಕ ಔಷಧಿ ಸಿಗುವ ದಾರಿ ಇರಬೇಕು. ಕೇವಲ ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಇದು ಉಳಿತಾಯವೇ. ಸೋತ ಮಾತ್ರೆಯನ್ನು ವರ್ಷಗಟ್ಟಲೆ ಕೊಡುವುದು, ಆಮೇಲೆ ಬ್ಲಾಸ್ಟ್ ಕ್ರೈಸಿಸ್‌ಗೆ ಕಿಮೊಥೆರಪಿ, ಅಸ್ಥಿಮಜ್ಜೆ ಕಸಿ ಎಂದು ಓಡಾಡುವುದು, ಇವುಗಳ ಮುಂದೆ ವರ್ಷಕ್ಕೆ ನಾಲ್ಕು ಪಿಸಿಆರ್‌ನ ವೆಚ್ಚ ಯಾವ ಲೆಕ್ಕ? ಮಾತ್ರೆ ಚೆನ್ನಾಗಿ ಕೆಲಸ ಮಾಡಿದವರಿಗೂ ಇದರ ಲಾಭವಿದೆ. ಸಂಖ್ಯೆ ವರ್ಷಗಟ್ಟಲೆ 0.01ಕ್ಕೂ ಕೆಳಗೆ ಉಳಿದವರಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರೋಗ ಮರಳಲಿಲ್ಲ ಎಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ಆ ಬಿಡುಗಡೆಗೂ ಬಾಗಿಲು ಇದೇ ಪಿಸಿಆರ್.

ಎಎಸ್‌ಎಕ್ಸ್‌ಎಲ್1 ಆಗಲಿ, ಒಂಟಿ ಕೋಶದ ಓದಾಗಲಿ, ನಾಳೆ ಬರುವ ಯಾವ ಗುರುತಾಗಲಿ, ರೋಗಿಯನ್ನು ತಲುಪಲು ಇದೇ ದಾರಿಯಲ್ಲಿ ಬರಬೇಕು: ಸಕಾಲಕ್ಕೆ ರಕ್ತ ತೆಗೆಯುವ ಕೈ, ಸ್ಯಾಂಪಲ್ ಕೆಡದಂತೆ ಸಾಗಿಸುವ ವ್ಯವಸ್ಥೆ, ನಂಬಲರ್ಹ ಲ್ಯಾಬ್, ರಿಪೋರ್ಟು ಓದಿ ಔಷಧಿ ಬದಲಿಸಬಲ್ಲ ವೈದ್ಯರು, ಬದಲಿ ಔಷಧಿಗೆ ಹಣ. ಸರಳವಾದ ಒಂದು ಪಿಸಿಆರ್‌ಗೆ ಈ ದಾರಿ ಕಟ್ಟಲಾಗದ ನಾಡಿಗೆ ನಾಳೆಯ ಸೂಕ್ಷ್ಮ ಪರೀಕ್ಷೆಗಳು ಪ್ರಬಂಧಗಳಲ್ಲೇ ಉಳಿಯುತ್ತವೆ. ಮಾತ್ರೆಯ ಬೆಲೆ ಇಳಿಸಲು ವರ್ಷಗಟ್ಟಲೆ ಕೋರ್ಟು ಕಚೇರಿಗಳಲ್ಲಿ ಪಟ್ಟುಹಿಡಿದು ನಿಂತು ಗೆದ್ದ ದೇಶ ನಮ್ಮದು. ಅದೇ ಪಟ್ಟನ್ನು ಪರೀಕ್ಷೆಗೂ ಹಿಡಿಯೋಣ. ಮೂರನೇ ತಿಂಗಳ ಸಂಖ್ಯೆ ಪ್ರತಿಯೊಬ್ಬ ಸಿಎಂಎಲ್ ರೋಗಿಗೂ ಮೂರನೇ ತಿಂಗಳಲ್ಲೇ ಗೊತ್ತಾಗಬೇಕು.